ಪಕ್ಕದ ಮನೆ ಹುಡುಗ ಆಬರ್ನ್ ಬಿಟ್ಟು ಅಲಬಾಮಾಗೆ ಹೋದ: ಒಂದೇ ರಾಜ್ಯದ ಎರಡು ತಂಡಗಳ ಎಳೆದಾಟ ಹೇಗೆ ನಡೆಯುತ್ತದೆ?

ಪ್ರಶ್ನೆ: ನಾವು ದಾವಣಗೆರೆ ಕಡೆಯವರು, ಈಗ ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿದ್ದೇವೆ. ಪಕ್ಕದ ಮನೆಯ ಹುಡುಗ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹೆಸರು ಮಾಡಿದವನು. ಬೇಸಿಗೆಯಲ್ಲಿ ಆಬರ್ನ್ ವಿಶ್ವವಿದ್ಯಾಲಯದ ತಂಡ ಸೇರುತ್ತೇನೆ ಎಂದು ಎಲ್ಲರ ಮುಂದೆ ಹೇಳಿದ, ಡಿಸೆಂಬರಿನಲ್ಲಿ ಅಲಬಾಮಾ ವಿಶ್ವವಿದ್ಯಾಲಯಕ್ಕೆ ಸಹಿ ಹಾಕಿದ. ಬೀದಿಯ ಅರ್ಧ ಜನ ಆ ಮನೆಯವರ ಜತೆ ಮಾತು ಬಿಟ್ಟಿದ್ದಾರೆ. ಎರಡೂ ಸರ್ಕಾರಿ ವಿಶ್ವವಿದ್ಯಾಲಯಗಳು ತಾನೆ, ಒಬ್ಬ ಹುಡುಗನಿಗಾಗಿ ಇಷ್ಟು ಕಿತ್ತಾಟ ಯಾಕೆ? ಎಲ್ಲಾ ದುಡ್ಡಿನ ಮಹಿಮೆಯೇ? ಸಾಕರ್ ಆಡಿಕೊಂಡಿದ್ದ ನನ್ನ ಮಗನನ್ನು ಶಾಲೆಯ ಕೋಚ್ ಈ ವರ್ಷ ಕಿಕ್ಕರ್ (ಚೆಂಡನ್ನು ಒದೆಯುವವನು) ಮಾಡಿದ್ದಾರೆ. ಅವನಿಗೀಗ ಹತ್ತನೆಯ ತರಗತಿ. ನಾವೂ ಈ ಸಂತೆಗೆ ಇಳಿಯಬೇಕೆ?

ಉತ್ತರ: ಕಿತ್ತಾಟದ ಲೆಕ್ಕ ಬಹಳ ಸರಳ. ಕ್ಯಾಲಿಫೋರ್ನಿಯಾದ ಹುಡುಗನೊಬ್ಬ ಅಲಬಾಮಾ ವಿಶ್ವವಿದ್ಯಾಲಯವಿರುವ ಟಸ್ಕಲೂಸಾಗೆ ಬಂದರೆ ಅಲಬಾಮಾ ತಂಡಕ್ಕೆ ಒಬ್ಬ ಆಟಗಾರ ಸಿಕ್ಕ, ಅಷ್ಟೇ. ಇದೇ ರಾಜ್ಯದ ಮೊಬೀಲ್ ಊರಿನ ಹುಡುಗ ಆಬರ್ನ್ ಬಿಟ್ಟು ಅಲಬಾಮಾ ಸೇರಿದರೆ ಇವರಿಗೊಬ್ಬ ಕೂಡಿದ, ಅವರಿಗೊಬ್ಬ ಕಳೆದ. ಹಾಗೆ ಕಳೆದುಕೊಂಡವನು ಮುಂದಿನ ಮೂರು ನಾಲ್ಕು ವರ್ಷ ಪ್ರತಿ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರಾಂತ್ಯದಲ್ಲಿ ಎದುರಿಗೆ ಬಂದು ನಿಲ್ಲುತ್ತಾನೆ. ಈ ಎರಡು ತಂಡಗಳ ವಾರ್ಷಿಕ ಪಂದ್ಯಕ್ಕೆ ಐರನ್ ಬೌಲ್ ಎಂದು ಹೆಸರು. ಅದನ್ನು ಸೋತ ಕೋಚ್‌ಗೆ ಆ ಚಳಿಗಾಲ ಕೆಲಸ ಉಳಿಯುತ್ತದೆಯೋ ಇಲ್ಲವೋ ಎಂಬ ಸ್ಥಿತಿ. ಹೀಗಾಗಿ ರಾಜ್ಯದೊಳಗಿನ ಒಬ್ಬ ಹುಡುಗನಿಗೆ ಎರಡು ಬೆಲೆ: ಅವನು ನಮಗೆ ಏನು ಮಾಡಿಕೊಡುತ್ತಾನೆ ಎಂಬುದು ಒಂದು, ಅವರಿಗೆ ಏನು ಮಾಡಿಕೊಡದಂತೆ ತಡೆದೆವು ಎಂಬುದು ಇನ್ನೊಂದು. ಎರಡನೆಯದನ್ನು ಯಾವ ಕೋಚೂ ಮೈಕಿನ ಮುಂದೆ ಹೇಳುವುದಿಲ್ಲ. ಆಯ್ಕೆಯ ಕೊಠಡಿಯಲ್ಲಿ ಮಾತ್ರ ಅದರ ತೂಕ ದೊಡ್ಡದು.

ಇದಕ್ಕೆ ನಿಮ್ಮ ರಾಜ್ಯದ ಸ್ವಭಾವವನ್ನೂ ಸೇರಿಸಿ. ಜನಸಂಖ್ಯೆ ಸುಮಾರು 50 ಲಕ್ಷ, ಬೆಂಗಳೂರಿನ ಅರ್ಧಕ್ಕಿಂತ ಕಡಿಮೆ. ವೃತ್ತಿಪರ ಫುಟ್‌ಬಾಲ್, ಬೇಸ್‌ಬಾಲ್, ಬಾಸ್ಕೆಟ್‌ಬಾಲ್, ಯಾವುದರ ದೊಡ್ಡ ಲೀಗ್‌ನಲ್ಲೂ ಈ ರಾಜ್ಯಕ್ಕೊಂದು ತಂಡವಿಲ್ಲ. ಊರಿನ ಅಭಿಮಾನವೆಲ್ಲ ಹರಿದು ಸೇರುವುದು ಈ ಎರಡು ಕಾಲೇಜುಗಳಿಗೆ. ಟಸ್ಕಲೂಸಾದ ಮೈದಾನದಲ್ಲಿ 1 ಲಕ್ಷ ಜನ ಕೂರುತ್ತಾರೆ, ಆಬರ್ನ್‌ನಲ್ಲಿ ಸುಮಾರು 88 ಸಾವಿರ. ದೊಡ್ಡ ಮಟ್ಟದಲ್ಲಿ ಆಡುವ ತಂಡಗಳು ರಾಜ್ಯದಲ್ಲಿ ಇನ್ನೂ ನಾಲ್ಕಿವೆ: ಬರ್ಮಿಂಗ್‌ಹ್ಯಾಮ್‌ನ ಯುಎಬಿ, ಟ್ರಾಯ್, ಸೌತ್ ಅಲಬಾಮಾ, ಜ್ಯಾಕ್ಸನ್‌ವಿಲ್ ಸ್ಟೇಟ್. ಆದರೆ ಮಗು ಹುಟ್ಟಿದಾಗ ಆಸ್ಪತ್ರೆಗೇ ಬಟ್ಟೆ ತಂದುಕೊಡುವ ಅಜ್ಜ ಅಜ್ಜಿಯರು ಆರಿಸುವುದು ಎರಡರಲ್ಲಿ ಒಂದು ಬಣ್ಣ.

ಸರ್ಕಾರ ಒಂದೇ, ಜಗಳ ಯಾಕೆ ಎಂದಿದ್ದೀರಿ. ಜಗಳ ಬಿಡಿಸಲು ಸರ್ಕಾರವೇ ಒಮ್ಮೆ ಕೈ ಹಾಕಬೇಕಾಯಿತು. ಇವೆರಡೂ ಮೊದಲು ಆಡಿದ್ದು 1893ರಲ್ಲಿ. 1907ರ ಪಂದ್ಯದ ನಂತರ ಆಟಗಾರರ ದಿನಭತ್ಯೆ ಎಷ್ಟು, ಅಂಪೈರ್ ಎಲ್ಲಿಂದ ಬರಬೇಕು ಎಂಬ ಪುಡಿ ತಕರಾರಿಗೆ ಮಾತು ಮುರಿಯಿತು. ಮತ್ತೆ ಆಡಿದ್ದು 1948ರಲ್ಲಿ, ಅದೂ ಶಾಸನಸಭೆ ಒತ್ತಡ ಹೇರಿದ ಮೇಲೆ. ಆ ವರ್ಷ ಎರಡೂ ಕಡೆಯ ವಿದ್ಯಾರ್ಥಿ ನಾಯಕರು ಬರ್ಮಿಂಗ್‌ಹ್ಯಾಮ್‌ನ ಪಾರ್ಕೊಂದರಲ್ಲಿ ನಿಜವಾದ ಕೊಡಲಿಯೊಂದನ್ನೇ ಹೂತು ರಾಜಿ ಸಾರಿದರು. ಪಂದ್ಯದಲ್ಲಿ ಅಲಬಾಮಾ 55–0 ಅಂತರದಿಂದ ಗೆದ್ದಿತು. ರಾಜಿ ಎಷ್ಟು ದಿನ ಉಳಿದಿರಬಹುದು, ಊಹಿಸಿಕೊಳ್ಳಿ.

ಆ ಕಾಲದಲ್ಲಿ ಹುಡುಗರನ್ನು ಸೆಳೆಯುವುದಕ್ಕೆ ಲಗಾಮು ಬಹಳ ಸಡಿಲವಿತ್ತು. ಒಂದು ತಂಡ ಇಷ್ಟೇ ಸ್ಕಾಲರ್‌ಶಿಪ್ ಕೊಡಬೇಕೆಂಬ ರಾಷ್ಟ್ರೀಯ ಮಿತಿ ಬಂದದ್ದು 1973ರಲ್ಲಿ, ಮೊದಲು 105. ಅದು 1978ರಲ್ಲಿ 95 ಆಯಿತು, 1990ರ ದಶಕದಲ್ಲಿ 85ಕ್ಕೆ ಇಳಿಯಿತು. ಮಿತಿ ಇಲ್ಲದಾಗ ಬಲಿಷ್ಠ ತಂಡ ತನಗೆ ಬೇಡದ ಹುಡುಗನನ್ನೂ ಸೇರಿಸಿಕೊಂಡು ಬೆಂಚಿನಲ್ಲಿ ಕೂರಿಸಬಹುದಿತ್ತು, ಎದುರಾಳಿಗೆ ಸಿಗದಿದ್ದರೆ ಸಾಕು. 1958ರಿಂದ 1982ರವರೆಗೆ ಅಲಬಾಮಾ ಕೋಚ್ ಆಗಿದ್ದ ಬೇರ್ ಬ್ರಯಂಟ್ ಹೀಗೇ ಮಾಡುತ್ತಿದ್ದರು ಎಂದು ಆಬರ್ನ್ ಕಡೆಯ ಹಿರಿಯರು ಇವತ್ತಿಗೂ ಹೇಳುತ್ತಾರೆ. ಎಷ್ಟು ನಿಜ, ಎಷ್ಟು ಹೊಟ್ಟೆಯುರಿ ಎಂಬುದು ಬೇರೆ ಮಾತು. ಸಂಖ್ಯೆಗೆ ಕಡಿವಾಣ ಬಿದ್ದ ಮೇಲೆ ಎರಡನೆಯ ತಂಡಕ್ಕೆ ಉಸಿರು ಬಂದದ್ದಂತೂ ಸತ್ಯ. 85 ಜಾಗದಲ್ಲಿ ಒಂದನ್ನು ಬರೀ ತಡೆಯುವುದಕ್ಕೆ ಖರ್ಚು ಮಾಡಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ: ಹುಡುಗ ಕೊನೆಗೆ ಯಾವುದನ್ನು ನೋಡಿ ತೀರ್ಮಾನಿಸುತ್ತಾನೆ? ಬೋ ಜಾಕ್ಸನ್ ಕಥೆಗಿಂತ ಒಳ್ಳೆಯ ಉದಾಹರಣೆ ಈ ರಾಜ್ಯದಲ್ಲಿಲ್ಲ. ಬೆಸೆಮರ್ ಎಂಬ ಊರಿನ ಹುಡುಗ. ಟಸ್ಕಲೂಸಾ ಅಲ್ಲಿಂದ ಮುಕ್ಕಾಲು ಗಂಟೆ, ಆಬರ್ನ್ ಎರಡು ಗಂಟೆಗೂ ಮೇಲೆ. ಒಂಬತ್ತು ವರ್ಷಗಳಿಂದ ಐರನ್ ಬೌಲ್ ಗೆಲ್ಲುತ್ತಿದ್ದದ್ದು ಅಲಬಾಮಾ. ಕೋಚ್ ಬ್ರಯಂಟ್ ಎಂದರೆ ದೇವರ ಪಟದ ಪಕ್ಕದಲ್ಲಿ ಇಡುವಂಥ ಹೆಸರು. ಎಲ್ಲ ಲೆಕ್ಕಾಚಾರವೂ ಅಲಬಾಮಾ ಕಡೆಗೇ ಇತ್ತು. ಆದರೆ ಮೂರನೆಯ ವರ್ಷದ ತನಕ ನಿನಗೆ ಮೈದಾನ ಸಿಗಲಿಕ್ಕಿಲ್ಲ ಎಂದು ಅಲಬಾಮಾದ ಸಹಾಯಕ ಕೋಚ್ ಒಬ್ಬರು ತನಗೆ ಹೇಳಿದ್ದಾಗಿ ಬೋ ಆಮೇಲೆ ಹೇಳಿಕೊಂಡಿದ್ದಾರೆ. ಆಬರ್ನ್‌ಗೆ ಆಗಷ್ಟೇ ಪ್ಯಾಟ್ ಡೈ ಬಂದಿದ್ದರು. ಅವರು ಬ್ರಯಂಟ್ ಕೈಕೆಳಗೇ ಒಂಬತ್ತು ಋತು ಸಹಾಯಕರಾಗಿ ದುಡಿದವರು, ಗುರುವಿನ ಪಟ್ಟು ಬಲ್ಲ ಶಿಷ್ಯ. ಬೇಸ್‌ಬಾಲ್ ಮತ್ತು ಓಟವನ್ನೂ ಬಿಡಬೇಕಿಲ್ಲ, ಬಂದ ವರ್ಷವೇ ಆಡು ಎಂದರು. 1982ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್‌ಗೆ ಕರೆದಿದ್ದರೂ ಬೋ ಒಲ್ಲೆ ಎಂದು ಆಬರ್ನ್ ಸೇರಿದ. ಅದೇ ನವೆಂಬರಿನಲ್ಲಿ ರಕ್ಷಣೆಯ ಗೋಡೆಯ ಮೇಲಿಂದ ಹಾರಿ ಗೆರೆ ದಾಟಿದ, ಆಬರ್ನ್ 23–22ರಿಂದ ಗೆದ್ದಿತು. ಬ್ರಯಂಟ್ ಕಂಡ ಕೊನೆಯ ಐರನ್ ಬೌಲ್ ಅದು. ಮರುವರ್ಷ ಜನವರಿಯಲ್ಲಿ ಅವರು ತೀರಿಕೊಂಡರು. ಕಾಲೇಜು ಫುಟ್‌ಬಾಲ್‌ನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ 1985ರಲ್ಲಿ ಬೋಗೆ ಸಿಕ್ಕಿತು.

ದೂರ, ಬಣ್ಣ, ಇತಿಹಾಸ ಎಲ್ಲವನ್ನೂ ಮೀರಿ ಗೆದ್ದದ್ದು 'ನನ್ನ ಜಾಗದಲ್ಲಿ ಈಗ ಯಾರಿದ್ದಾರೆ?' ಎಂಬ ಪ್ರಶ್ನೆ. ನನ್ನ ಮಟ್ಟಿಗೆ ಇಂದಿಗೂ ಅದೇ ಮುಖ್ಯ. ಟಿವಿಯಲ್ಲಿ ಹುಡುಗರು ಮೇಜಿನ ಮೇಲೆ ಎರಡು ಟೋಪಿ ಇಟ್ಟುಕೊಂಡು ಒಂದನ್ನು ಎತ್ತಿಕೊಳ್ಳುವ ನಾಟಕ ನೋಡಿರುತ್ತೀರಿ. ಅದರ ಹಿಂದೆ ತಂದೆ ತಾಯಿ ಯಾವ ಸ್ಥಾನಕ್ಕೆ ಎಷ್ಟು ಜನ, ಯಾರು ಯಾವ ವರ್ಷ ಹೊರಹೋಗುತ್ತಾರೆ ಎಂದು ಹಾಳೆ ಮೇಲೆ ಬರೆದು ನೋಡಿದ್ದು ಕ್ಯಾಮೆರಾಕ್ಕೆ ಸಿಗುವುದಿಲ್ಲ.

ಹೈಸ್‌ಮನ್ ಪಟ್ಟಿಯಲ್ಲಿ ಇನ್ನೊಂದು ತಮಾಷೆ ಇದೆ. ಅಲಬಾಮಾ ತಂಡದ ನಾಲ್ವರಿಗೆ ಆ ಟ್ರೋಫಿ ಬಂದಿದೆ: ಮಾರ್ಕ್ ಇಂಗ್ರಮ್ ಮಿಷಿಗನ್‌ನವರು, ಡೆರಿಕ್ ಹೆನ್ರಿ ಫ್ಲಾರಿಡಾದವರು, ಡಿವಾಂಟಾ ಸ್ಮಿತ್ ಲೂಯಿಸಿಯಾನಾದವರು, ಬ್ರೈಸ್ ಯಂಗ್ ಕ್ಯಾಲಿಫೋರ್ನಿಯಾದವರು. ರಾಜ್ಯದ ಹುಡುಗ ಒಬ್ಬನೂ ಇಲ್ಲ. ಆಬರ್ನ್‌ಗೆ ಬಂದದ್ದು ಮೂರು. ಅದರಲ್ಲಿ ಬರ್ಮಿಂಗ್‌ಹ್ಯಾಮ್‌ನ ಪ್ಯಾಟ್ ಸಲಿವನ್ ಮತ್ತು ಬೆಸೆಮರ್‌ನ ಬೋ ಇಬ್ಬರೂ ಮನೆ ಮಕ್ಕಳು. ಮೂರನೆಯವರಾದ ಕ್ಯಾಮ್ ನ್ಯೂಟನ್ ಪಕ್ಕದ ಜಾರ್ಜಿಯಾದವರು. ನಿಕ್ ಸೇಬನ್ 2007ರಲ್ಲಿ ಕೋಚ್ ಆಗಿ ಬಂದ ಮೇಲೆ ಅಲಬಾಮಾ ದೇಶವಿಡೀ ಬಲೆ ಬೀಸುವ ತಂಡವಾಯಿತು. ಆಬರ್ನ್ ರಾಜ್ಯದ ಪೂರ್ವದ ಅಂಚಿನಲ್ಲಿದೆ, ಅದರ ಒಂದು ಕಣ್ಣು ಯಾವತ್ತೂ ಅಟ್ಲಾಂಟಾ ಕಡೆಗೆ, ಇನ್ನೊಂದು ಕಣ್ಣು ಮನೆ ಹುಡುಗರ ಮೇಲೆ. ಹಾಗೆಂದು ಅಲಬಾಮಾ ಮನೆಯಂಗಳವನ್ನು ಬಿಟ್ಟುಕೊಟ್ಟಿತೇ? ಇಲ್ಲ. ಫೋಲಿ ಊರಿನ ಜೂಲಿಯೊ ಜೋನ್ಸ್ 2008ರಲ್ಲಿ ಸಹಿ ಹಾಕಿದ್ದೇ ಸೇಬನ್ ಯುಗದ ನಿಜವಾದ ಆರಂಭ ಎನ್ನುವವರ ಪೈಕಿ ನಾನೂ ಒಬ್ಬ. ಅದಕ್ಕೆ ಮೊದಲು ಆಬರ್ನ್ ಸತತ ಆರು ಐರನ್ ಬೌಲ್ ಗೆದ್ದಿತ್ತು, ಕೋಚ್ ಟಾಮಿ ಟ್ಯೂಬರ್‌ವಿಲ್. ಜೂಲಿಯೊ ಬಂದ ವರ್ಷ ಅಲಬಾಮಾ 36–0, ಅದರ ಬೆನ್ನಿಗೇ ಟ್ಯೂಬರ್‌ವಿಲ್ ಆಬರ್ನ್ ಬಿಟ್ಟರು. ಅವರೇ 2021ರಲ್ಲಿ ಇದೇ ರಾಜ್ಯದ ಸೆನೆಟರ್ ಆದರು ಎಂದರೆ ಇಲ್ಲಿ ಫುಟ್‌ಬಾಲ್ ಮತ್ತು ರಾಜಕೀಯದ ನಡುವಿನ ಬೇಲಿ ಎಷ್ಟು ತೆಳು ಎಂಬುದು ನಿಮಗೆ ತಿಳಿಯುತ್ತದೆ.

ನಿಮ್ಮ ನೆರೆಮನೆಯವನು ಮಾತು ತಪ್ಪಿದ ಎಂದು ಬೀದಿಯವರು ಮುನಿಸಿಕೊಂಡಿದ್ದಾರಲ್ಲ, ಅವರಿಗೆ ರೂಬೆನ್ ಫಾಸ್ಟರ್ ಹೆಸರು ನೆನಪಿಸಿ. ಮೊದಲು ಅಲಬಾಮಾ ಎಂದ. ಆಮೇಲೆ ಆಬರ್ನ್ ಊರಿನ ಹೈಸ್ಕೂಲಿಗೇ ಬಂದು ಸೇರಿ, ಆಬರ್ನ್ ಎಂದ, ಮುಂಗೈಗೆ ಆ ಕಾಲೇಜಿನ ಗುರುತನ್ನು ಹಚ್ಚೆ ಹಾಕಿಸಿಕೊಂಡ. 2013ರ ಫೆಬ್ರವರಿಯಲ್ಲಿ ಸಹಿ ಹಾಕಿದ್ದು ಅಲಬಾಮಾಗೆ! ಹುಚ್ಚಾಟ ಎನಿಸುತ್ತದೆ. ನಡುವೆ ಆದದ್ದನ್ನೂ ನೋಡಬೇಕು: 2012ರ ನವೆಂಬರಿನಲ್ಲಿ ಆಬರ್ನ್ ತನ್ನ ಕೋಚ್ ಜೀನ್ ಚಿಜಿಕ್‌ರನ್ನು ತೆಗೆದುಹಾಕಿತು. ಹುಡುಗ ಮಾತು ಕೊಟ್ಟಿದ್ದು ಕೆಲವು ಮನುಷ್ಯರಿಗೆ, ಅವರೇ ಅಲ್ಲಿ ಉಳಿಯಲಿಲ್ಲ. ಆಬರ್ನ್ ಆಮೇಲೆ 2020ರಲ್ಲಿ ಗಸ್ ಮಲ್ಜಾನ್, 2022ರಲ್ಲಿ ಬ್ರಯನ್ ಹಾರ್ಸಿನ್, 2025ರಲ್ಲಿ ಹ್ಯೂ ಫ್ರೀಜ್, ಹೀಗೆ ಒಬ್ಬೊಬ್ಬರನ್ನೇ ಮನೆಗೆ ಕಳಿಸಿತು. ಮಲ್ಜಾನ್‌ರನ್ನು ಕಳಿಸಲು ಕೊಡಬೇಕಾದ ಪರಿಹಾರವೇ 2 ಕೋಟಿ ಡಾಲರ್ ದಾಟಿತ್ತು. ಎದುರು ಪಾಳೆಯದಲ್ಲಿ 2007ರಿಂದ 2023ರವರೆಗೆ 17 ಋತು ಒಬ್ಬರೇ ಸೇಬನ್. ಮನೆ ಹುಡುಗರನ್ನು ಆಬರ್ನ್ ಕಳೆದುಕೊಂಡದ್ದಕ್ಕೆ ಅಲಬಾಮಾದ ಗೆಲುವುಗಳಷ್ಟೇ ಈ ಅಸ್ಥಿರತೆಯೂ ಕಾರಣ. ಆಬರ್ನ್ ಅಭಿಮಾನಿಗಳು ಇದನ್ನು ಒಪ್ಪುವುದು ಕಷ್ಟ.

ಬಾಯಿಮಾತಿನ ಒಪ್ಪಿಗೆಗೆ ಯಾವ ಕಟ್ಟುಪಾಡೂ ಇಲ್ಲ, ಎರಡೂ ಕಡೆಗೆ. ಹುಡುಗ ಮನಸ್ಸು ಬದಲಿಸಿದರೆ ಪತ್ರಿಕೆಯಲ್ಲಿ ಬರುತ್ತದೆ. ಕೋಚ್ ಒಬ್ಬರು ಜನವರಿಯಲ್ಲಿ ಫೋನ್ ಮಾಡಿ, ಜಾಗ ತುಂಬಿತು, ಆರು ತಿಂಗಳು ತಡವಾಗಿ ಬಾ ಎಂದರೆ ಸುದ್ದಿಯೇ ಇಲ್ಲ. ಇದ್ದ ಜಾಗಕ್ಕಿಂತ ಹೆಚ್ಚು ಹುಡುಗರಿಗೆ ಸಹಿ ಹಾಕಿಸಿಕೊಳ್ಳುವ ಚಾಳಿ ಈ ಭಾಗದಲ್ಲಿ ಎಷ್ಟಿತ್ತೆಂದರೆ 2009ರಲ್ಲಿ ಪಕ್ಕದ ಮಿಸಿಸಿಪ್ಪಿಯ ಓಲ್ ಮಿಸ್ ವಿಶ್ವವಿದ್ಯಾಲಯ 37 ಜನರಿಂದ ಸಹಿ ಪಡೆಯಿತು. ಈ ತಂಡಗಳೆಲ್ಲ ಸೇರಿರುವ ಎಸ್‌ಇಸಿ ಒಕ್ಕೂಟ ಆ ಬಳಿಕ ಮೊದಲು 28, 2011ರಲ್ಲಿ 25 ಎಂದು ಮಿತಿ ಹಾಕಬೇಕಾಯಿತು. ಹಾಗಾಗಿ 17 ವರ್ಷದವನನ್ನು ದೂರುವ ಮೊದಲು ನಾನಂತೂ ಎರಡು ಸಲ ಯೋಚಿಸುತ್ತೇನೆ. ಮನೆಯವರ ಜತೆ ಮಾತು ಬಿಟ್ಟದ್ದು ನಿಮ್ಮ ಬೀದಿಯಲ್ಲೇ ಮೊದಲೇನಲ್ಲ. ರಶಾನ್ ಎವನ್ಸ್ ಆಬರ್ನ್ ಊರಿನಲ್ಲೇ ಬೆಳೆದವನು, ತಂದೆ ಆಬರ್ನ್ ತಂಡದಲ್ಲಿ ಆಡಿದವರು. 2014ರಲ್ಲಿ ಅವನು ಅಲಬಾಮಾ ಎಂದಾಗ ಆ ಕುಟುಂಬ ಸ್ವಂತ ಊರಿನಲ್ಲೇ ಮುನಿಸು ಉಣ್ಣಬೇಕಾಯಿತು.

ದುಡ್ಡಿನ ವಿಷಯ. ಮೊದಲೂ ಇತ್ತು, ಕದ್ದುಮುಚ್ಚಿ. ಎರಡೂ ಕಾಲೇಜುಗಳು ಬೇರೆ ಬೇರೆ ಪ್ರಕರಣಗಳಲ್ಲಿ ದಂಡ ತೆತ್ತಿವೆ. ಆಬರ್ನ್ 1993ರಲ್ಲಿ 11 ಪಂದ್ಯ ಆಡಿ ಹನ್ನೊಂದನ್ನೂ ಗೆದ್ದರೂ ನಿಷೇಧದಿಂದಾಗಿ ಟಿವಿಯಲ್ಲಿ ಕಾಣಲಿಲ್ಲ, ಋತುವಿನ ಕೊನೆಗೆ ನಡೆಯುವ ಬೌಲ್ ಪಂದ್ಯ ಆಡಲಿಲ್ಲ. ಅಲಬಾಮಾ 2002ರಲ್ಲಿ ಐದು ವರ್ಷದ ನಿಗಾ, ಎರಡು ವರ್ಷದ ಬೌಲ್ ನಿಷೇಧ, 21 ಸ್ಕಾಲರ್‌ಶಿಪ್‌ಗಳ ನಷ್ಟ ಅನುಭವಿಸಿತು. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿಕೊಂಡು ರಾಜಾರೋಷವಾಗಿ ದುಡಿಯಬಹುದು, ಅದೇ ಎನ್‌ಐಎಲ್. ಇಲ್ಲಿ ನಡೆದ ಒಂದು ಸ್ವಾರಸ್ಯ ಹೇಳಲೇಬೇಕು. ಅಲಬಾಮಾ ರಾಜ್ಯ ಇದಕ್ಕೆಂದು 2021ರಲ್ಲಿ ಕಾಯ್ದೆ ಮಾಡಿತು. ಕೆಲವೇ ತಿಂಗಳಲ್ಲಿ ಗೊತ್ತಾಯಿತು, ತಮ್ಮ ಕಾಯ್ದೆಯೇ ರಾಷ್ಟ್ರೀಯ ನಿಯಮಕ್ಕಿಂತ ಬಿಗಿ, ಕಾಯ್ದೆಯೇ ಇಲ್ಲದ ರಾಜ್ಯಗಳ ಕಾಲೇಜುಗಳು ಹುಡುಗರಿಗೆ ಹೆಚ್ಚು ಆಮಿಷ ತೋರಿಸಬಹುದು ಎಂದು. 2022ರ ಫೆಬ್ರವರಿಯಲ್ಲಿ ಕಾಯ್ದೆಯನ್ನೇ ಹಿಂತೆಗೆದುಕೊಂಡರು. ಅಲಬಾಮಾದವರಿಗೂ ಆಬರ್ನ್‌ನವರಿಗೂ ಒಮ್ಮತ ಮೂಡುವ ವಿಷಯ ಇದೊಂದೇ: ಹೊರರಾಜ್ಯದವರು ನಮ್ಮನ್ನು ಮೀರಬಾರದು.

2025–26ರಿಂದ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ಹಣ ಕೊಡಬಹುದು, ಎಲ್ಲ ಕ್ರೀಡೆ ಸೇರಿ ಮೊದಲ ವರ್ಷಕ್ಕೆ 2.05 ಕೋಟಿ ಡಾಲರ್ ವರೆಗೆ. ಎರಡೂ ಕಡೆ ಆ ಮಿತಿ ಒಂದೇ, ಎರಡಕ್ಕೂ ಶ್ರೀಮಂತ ಹಿತೈಷಿಗಳಿದ್ದಾರೆ. ಅದಕ್ಕೇ ನನಗನಿಸುವುದು: ದೂರದ ರಾಜ್ಯದ ಹುಡುಗನನ್ನು ತರುವುದರಲ್ಲಿ ಹಣದ ಪಾತ್ರ ದೊಡ್ಡದು, ಆದರೆ ಈ ಎರಡು ತಂಡಗಳ ನಡುವಿನ ಹಗ್ಗಜಗ್ಗಾಟದಲ್ಲಿ ಅದು ಬಹುಮಟ್ಟಿಗೆ ಸರಿದೂಗಿಬಿಡುತ್ತದೆ. ಮತ್ತೆ ಉಳಿಯುವುದು ಮೈದಾನದ ಜಾಗ ಮತ್ತು ಕೋಚ್‌ನ ಕುರ್ಚಿ. ಹಣಕ್ಕಿಂತ ಹೆಚ್ಚು ಆಟ ಕೆಡಿಸಿದ್ದು ತಂಡ ಬದಲಿಸುವ ಸ್ವಾತಂತ್ರ್ಯ. ಒಂದು ವರ್ಷ ಹೊರಗೆ ಕೂರಬೇಕೆಂಬ ನಿಯಮ 2021ರಲ್ಲಿ ಮೊದಲ ಬದಲಾವಣೆಗೆ ಸಡಿಲವಾಯಿತು. 2023ರ ಐರನ್ ಬೌಲ್‌ನಲ್ಲಿ ನಾಲ್ಕನೆಯ, ಅಂದರೆ ಕೊನೆಯ ಯತ್ನ, 31 ಯಾರ್ಡ್ ಬೇಕು ಎಂಬಲ್ಲಿ ಚೆಂಡು ಹಿಡಿದು ಅಲಬಾಮಾವನ್ನು ಗೆಲ್ಲಿಸಿದ ಐಸಾಯ ಬಾಂಡ್ ಮುಂದಿನ ಜನವರಿಯಲ್ಲಿ ಸೇಬನ್ ನಿವೃತ್ತರಾಗುತ್ತಿದ್ದಂತೆ ಟೆಕ್ಸಸ್‌ಗೆ ಹೊರಟ. ಹೈಸ್ಕೂಲಿನಲ್ಲಿ ಮೂರು ವರ್ಷ ಬೆನ್ನುಹತ್ತಿ ಗಳಿಸಿದವನು ಮೂರು ವಾರದಲ್ಲಿ ಹೋಗಬಹುದು. ಸೋತ ತಂಡಕ್ಕೂ ಇದರಲ್ಲಿ ಒಂದು ಆಸೆ: ಇಂದು ಕೈತಪ್ಪಿದ ಊರ ಹುಡುಗ ನಾಳೆ ಬೇಸರವಾದಾಗ ಫೋನ್ ಮಾಡಬಹುದು. ಹಾಗಾಗಿ ಈಗಿನ ಜಾಣ ಕೋಚ್‌ಗಳು ತಮ್ಮನ್ನು ಬೇಡ ಎಂದ ಹುಡುಗನ ಮನೆಗೂ ಶುಭಾಶಯ ಕಳಿಸುತ್ತಾರೆ.

ಇಷ್ಟೆಲ್ಲ ಜಾಲಾಡಿದರೂ ಇಬ್ಬರ ಕಣ್ಣಿಗೂ ಬೀಳದವರು ಇದ್ದಾರೆ. ಹಿತ್ತಲ ಗಿಡ ಮದ್ದಲ್ಲ. ಆಬರ್ನ್ ಹೈಸ್ಕೂಲಿನಲ್ಲಿ ಓದಿದ ಡಿಮಾರ್ಕಸ್ ವೇರ್ ಆಡಿದ್ದು ಟ್ರಾಯ್‌ನಲ್ಲಿ, 2023ರಲ್ಲಿ ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಸೇರಿದರು. ಇನ್ನೊಂದು ಹೆಸರು ನಿಮ್ಮ ಊರಿಗೇ ಸೇರಿದ್ದು. ಜಾನ್ ಸ್ಟಾಲ್‌ವರ್ತ್ ಹುಟ್ಟಿ ಬೆಳೆದದ್ದು ಟಸ್ಕಲೂಸಾದಲ್ಲಿ. ಅವರ ಹುಡುಗುತನದ ಬಹುಪಾಲು ಅಲ್ಲಿನ ವಿಶ್ವವಿದ್ಯಾಲಯದ ತಂಡದಲ್ಲಿ ಕಪ್ಪು ಆಟಗಾರರೇ ಇರಲಿಲ್ಲ. ಆಬರ್ನ್ 1969ರಲ್ಲಿ ಜೇಮ್ಸ್ ಓವೆನ್ಸ್‌ಗೆ, ಅಲಬಾಮಾ ಅದರ ಬೆನ್ನಿಗೆ ವಿಲ್ಬರ್ ಜ್ಯಾಕ್ಸನ್‌ಗೆ ಸ್ಕಾಲರ್‌ಶಿಪ್ ಕೊಟ್ಟಾಗಲೇ ಆ ಬಾಗಿಲು ತೆರೆದದ್ದು, ಅದೂ ಒಬ್ಬೊಬ್ಬರಿಗೆ. ಸ್ಟಾಲ್‌ವರ್ತ್ ಓದಿದ್ದು ಹಂಟ್ಸ್‌ವಿಲ್‌ನಲ್ಲಿರುವ ಅಲಬಾಮಾ ಎ ಅಂಡ್ ಎಮ್‌ನಲ್ಲಿ. ಪಿಟ್ಸ್‌ಬರ್ಗ್ ತಂಡದ ಜತೆ ನಾಲ್ಕು ಸೂಪರ್ ಬೌಲ್ ಗೆದ್ದರು, ಆಮೇಲೆ ಹಂಟ್ಸ್‌ವಿಲ್‌ನಲ್ಲೇ ಎಂಜಿನಿಯರಿಂಗ್ ಕಂಪನಿ ಕಟ್ಟಿದರು. ಎರಡು ತಂಡಗಳ ಪೈಪೋಟಿಯ ಬಗ್ಗೆ ಹಳಬರು ಹೇಳುವ ವೀರಗಾಥೆಗಳಲ್ಲಿ, ರಾಜ್ಯದ ಕಪ್ಪು ಹುಡುಗರಿಗೆ ಆ ಪೈಪೋಟಿಯೊಳಗೆ ಪ್ರವೇಶವೇ ಇರಲಿಲ್ಲ ಎಂಬ ಸಂಗತಿ ಮರೆಯಾಗಿಬಿಡುತ್ತದೆ.

ಇನ್ನು ನಿಮ್ಮ ಮಗ. ಕಿಕ್ಕರ್‌ಗಳ ಲೋಕ ಬೇರೆ. ಅವರಿಗಾಗಿ ಯಾರೂ ಹೆಲಿಕಾಪ್ಟರಿನಲ್ಲಿ ಬಂದು ಶಾಲೆಯ ಅಂಗಳದಲ್ಲಿ ಇಳಿಯುವುದಿಲ್ಲ. ಒಂದು ತಂಡ ಒದೆಯುವವರಿಗೆಂದು ಒಂದೆರಡು ಸ್ಕಾಲರ್‌ಶಿಪ್ ಇಟ್ಟರೆ ಹೆಚ್ಚು, ಅದೂ ದೇಶವಿಡೀ ಹುಡುಕಿ. ಆಬರ್ನ್‌ಗೆ ದಾಖಲೆಯ ಅಂಕ ತಂದ ಡೇನಿಯಲ್ ಕಾರ್ಲ್ಸನ್ ಕೊಲರಾಡೊದವರು. 2013ರಲ್ಲಿ ಅಲಬಾಮಾದ ಪರ ಕೊನೆಯ ಕ್ಷಣದಲ್ಲಿ 57 ಯಾರ್ಡ್‌ನಿಂದ ಒದ್ದವನು ಪೋಲೆಂಡಿನಲ್ಲಿ ಹುಟ್ಟಿ ಜಾರ್ಜಿಯಾದಲ್ಲಿ ಬೆಳೆದ ಹುಡುಗ. ಆ ಚೆಂಡು ಗುರಿ ಮುಟ್ಟದೆ ಇಳಿಯುವಾಗ ಆಬರ್ನ್‌ನ ಕ್ರಿಸ್ ಡೇವಿಸ್ ಅದನ್ನು ಹಿಡಿದು ಮೈದಾನದ ಈ ತುದಿಯಿಂದ ಆ ತುದಿಗೆ ಓಡಿದ್ದನ್ನು ನಿಮ್ಮ ನೆರೆಹೊರೆ ಇನ್ನೂ ಮಾತಾಡುತ್ತಿರಬೇಕು. ಜೂನ್ ತಿಂಗಳಲ್ಲಿ ಕಾಲೇಜುಗಳೇ ಆವರಣದಲ್ಲಿ ಶಿಬಿರ ನಡೆಸುತ್ತವೆ. ಕಿಕ್ಕರ್‌ಗೆ ಅಲ್ಲಿ ಕೋಚ್‌ಗಳ ಕಣ್ಣೆದುರು ಒದೆಯುವುದು ನೂರು ವಿಡಿಯೊಗಿಂತ ಮೇಲು. ಎರಡು ದೊಡ್ಡ ಹೆಸರುಗಳಿಗೆ ಜೋತುಬೀಳದೆ ಟ್ರಾಯ್, ಯುಎಬಿ, ಜ್ಯಾಕ್ಸನ್‌ವಿಲ್ ಸ್ಟೇಟ್ ಶಿಬಿರಗಳಿಗೂ ಕಳಿಸಿ. ಮೊದಲು ಸ್ಕಾಲರ್‌ಶಿಪ್ ಇಲ್ಲದೆ ತಂಡಕ್ಕೆ ಸೇರಿಕೊಂಡು ಮೇಲೆ ಬರುವ ದಾರಿ ಕಿಕ್ಕರ್‌ಗಳಿಗೆ ಮಾಮೂಲಾಗಿತ್ತು. 2025ರ ಹೊಸ ವ್ಯವಸ್ಥೆಯಲ್ಲಿ ತಂಡದ ಒಟ್ಟು ಬಲಕ್ಕೇ 105ರ ಮಿತಿ ಬಿದ್ದಿರುವುದರಿಂದ ಆ ದಾರಿ ಕಿರಿದಾಗಿದೆ.

ನೀವು ಕೇಳದೆ ಇದ್ದರೂ ಹೇಳಬೇಕಾದ್ದು ವೀಸಾ. ಎಚ್-1ಬಿ ಮೇಲೆ ಇರುವವರಾದರೆ ಮಗನದು ಎಚ್-4, ಅಂದರೆ ಅವಲಂಬಿತರ ವೀಸಾ, ಅದರಲ್ಲಿ ದುಡಿಯುವ ಹಕ್ಕಿಲ್ಲ. 21 ತುಂಬಿದ ಮೇಲೆ ಅದು ಉಳಿಯುವುದೂ ಇಲ್ಲ. ವಿದ್ಯಾರ್ಥಿ ವೀಸಾಕ್ಕೆ ಬದಲಾದರೂ ಕೆಲಸದ ಮೇಲೆ ಕಟ್ಟುನಿಟ್ಟು ಇದ್ದೇ ಇರುತ್ತದೆ. ಎನ್‌ಐಎಲ್ ಎಂದು ಯಾರಾದರೂ ಊರಿನ ಕಾರ್ ಅಂಗಡಿಯ ಜಾಹೀರಾತಿಗೆ ನೂರು ಡಾಲರ್ ಕೊಡುತ್ತೇನೆಂದರೂ ವಲಸೆ ವಕೀಲರನ್ನು ಕೇಳದೆ ಮುಟ್ಟಬೇಡಿ. ಪಕ್ಕದ ಮನೆಯವನಿಗೆ ಸರಿಯಾದದ್ದು ನಿಮ್ಮ ಮಗನಿಗೆ ಗ್ರೀನ್ ಕಾರ್ಡ್ ಅರ್ಜಿಯನ್ನೇ ಸಿಕ್ಕಿಸುವ ತಪ್ಪಾಗಬಹುದು.

ಮೊದಲ ಕೆಲಸ ಮಾತ್ರ ಮೈದಾನದಲ್ಲಿಲ್ಲ. ಕಾಲೇಜು ಕ್ರೀಡೆಯ ಅತ್ಯುನ್ನತ ಮಟ್ಟವಾದ ಡಿವಿಷನ್ ಒಂದರಲ್ಲಿ ಆಡಲು ಹೈಸ್ಕೂಲಿನಲ್ಲಿ ಎನ್‌ಸಿಎಎ (ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ) ಒಪ್ಪಿದ 16 ಮುಖ್ಯ ಕೋರ್ಸ್‌ಗಳು ಮುಗಿದಿರಬೇಕು, ಅವುಗಳಲ್ಲಿ ಕನಿಷ್ಠ 2.3 ಜಿಪಿಎ (ಸರಾಸರಿ ಗ್ರೇಡ್ ಅಂಕ) ಬೇಕು, 10 ಕೋರ್ಸ್‌ಗಳು ಕೊನೆಯ ವರ್ಷ ಆರಂಭವಾಗುವ ಮೊದಲೇ ಆಗಿರಬೇಕು. ಹತ್ತನೆಯ ತರಗತಿ ಎಂದರೆ ಅದಕ್ಕೆ ಉಳಿದಿರುವುದು ಎರಡು ವರ್ಷಕ್ಕಿಂತ ಕಡಿಮೆ. ನಿಮ್ಮ ಶಾಲೆಯ ಯಾವ ತರಗತಿಗಳು ಆ ಲೆಕ್ಕಕ್ಕೆ ಬರುತ್ತವೆ ಎಂಬ ಪಟ್ಟಿ ಕೌನ್ಸೆಲರ್ ಹತ್ತಿರ ಇರುತ್ತದೆ. ಮುಂದಿನ ವರ್ಷದ ವೇಳಾಪಟ್ಟಿ ಆರಿಸುವ ಮೊದಲೇ ಅದನ್ನು ಕೇಳಿ ಪಡೆಯಿರಿ.